ಯೆಲ್ಲೋಸ್ಟೋನ್‌ನಲ್ಲಿ ಅಪ್ಪ-ಅಮ್ಮ, ಮಕ್ಕಳನ್ನು ಕರೆದುಕೊಂಡು ಟೆಂಟ್‌ನಲ್ಲಿ ಉಳಿಯಬಹುದೇ?

ಊರಿನಿಂದ ಬಂದಿರುವ ಅಪ್ಪ-ಅಮ್ಮ, ಎರಡು ಸಣ್ಣ ಮಕ್ಕಳು, ಜುಲೈ ತಿಂಗಳು, ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹತ್ತಿರ ಹೋಟೆಲ್ ದರ ಕೈಗೆಟುಕುತ್ತಿಲ್ಲ, ಟೆಂಟ್ ಆದೀತೇ ಎಂದು ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ನಮ್ಮದು ಸಾಲ್ಟ್ ಲೇಕ್ ಸಿಟಿಯಲ್ಲಿ ವಾಸ, ಪುತ್ತೂರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಿ ಪಾರ್ಕ್ ಒಳಗಿನ ಮ್ಯಾಡಿಸನ್ ಕ್ಯಾಂಪ್‌ಗ್ರೌಂಡ್‌ನಲ್ಲೇ ಉಳಿದಿದ್ದೆವು. ದುಡ್ಡು ಉಳಿಯುತ್ತದೆ, ನಿಜ. ಆದರೆ ನಾನು ಟೆಂಟ್ ಅನ್ನುವುದು ದುಡ್ಡಿಗಾಗಿ ಅಲ್ಲ, ಹೊತ್ತಿಗಾಗಿ. ಪಾರ್ಕ್ ಹೊರಗಿನ ಹೋಟೆಲಿನಿಂದ ಹೊರಟವರು ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಹಿಂತಿರುಗುತ್ತಾರೆ. ಗೀಸರ್‌ಗಳನ್ನು, ಅಂದರೆ ನೆಲದೊಳಗಿನಿಂದ ಆಗಾಗ ಮೇಲಕ್ಕೆ ಚಿಮ್ಮುವ ಬಿಸಿನೀರಿನ ಬುಗ್ಗೆಗಳನ್ನು, ನೋಡಲು ಅದರಷ್ಟು ಕೆಟ್ಟ ಹೊತ್ತು ಇನ್ನೊಂದಿಲ್ಲ.

ಇಲ್ಲಿನ ಹೆಸರುವಾಸಿ ಗೀಸರ್ ಓಲ್ಡ್ ಫೇಯ್ತ್‌ಫುಲ್‌ನ ಸುತ್ತಲಿನ ಬೆಂಚುಗಳು ಮಧ್ಯಾಹ್ನ ನಮ್ಮ ಜಾತ್ರೆಯ ರಥಬೀದಿಯಂತೆ ತುಂಬಿರುತ್ತವೆ. ಅದೇ ಜಾಗಕ್ಕೆ ಸಂಜೆ ಏಳರ ಮೇಲೆ ಬನ್ನಿ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರಬಹುದು. ಜುಲೈಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಮ್ಯಾಡಿಸನ್‌ನಿಂದ ಅಲ್ಲಿಗೆ 26 ಕಿಲೋಮೀಟರ್ ಅಷ್ಟೆ. ಓಲ್ಡ್ ಫೇಯ್ತ್‌ಫುಲ್ ಪಕ್ಕದಲ್ಲೇ ಕ್ಯಾಂಪ್‌ಗ್ರೌಂಡ್ ಇಲ್ಲ, ಹತ್ತಿರದ್ದು ಇದೇ. ನೀರು 32ರಿಂದ 56 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ, ಒಂದೂವರೆಯಿಂದ ಐದು ನಿಮಿಷ ಇರುತ್ತದೆ. ಮುಂದಿನದು ಯಾವಾಗ ಎಂದು ರೇಂಜರ್‌ಗಳು ಹೇಳುವ ಲೆಕ್ಕ ಮಕ್ಕಳಿಗೂ ಬರುವಂಥದ್ದು. ಎರಡೂವರೆ ನಿಮಿಷದೊಳಗೆ ನಿಂತುಹೋದರೆ ಮುಂದಿನದು ಸುಮಾರು ಒಂದು ಗಂಟೆಯಲ್ಲಿ, ಅದಕ್ಕಿಂತ ಹೆಚ್ಚು ಹೊತ್ತು ಚಿಮ್ಮಿದರೆ ಸುಮಾರು ಒಂದೂವರೆ ಗಂಟೆಯಲ್ಲಿ, ಹತ್ತು ನಿಮಿಷ ಆಚೀಚೆ. ಮಗಳ ಕೈಗೆ ವಾಚು ಕೊಟ್ಟೆವು. ಅವಳ ಗಟ್ಟಿ ಎಣಿಕೆ ಕೇಳಿ ಅಕ್ಕಪಕ್ಕದವರೂ ಗಡಿಯಾರ ನೋಡತೊಡಗಿದರು.

ಆದರೆ ನನ್ನನ್ನು ಕೇಳಿದರೆ ಓಲ್ಡ್ ಫೇಯ್ತ್‌ಫುಲ್‌ಗಿಂತ ರಿವರ್‌ಸೈಡ್ ಗೀಸರ್ ಚೆಂದ. ಅಲ್ಲಿಂದ ಎರಡು ಕಿಲೋಮೀಟರ್ ಸುಮಾರಿನ ನಡಿಗೆ, ಡಾಂಬರು ಹಾದಿ, ಅಮ್ಮನ ಮೊಣಕಾಲು ನೋವಿಗೂ ತೊಂದರೆಯಾಗಲಿಲ್ಲ. ಸುಮಾರು ಆರು ಗಂಟೆಗೊಮ್ಮೆ ಫೈರ್‌ಹೋಲ್ ನದಿಯ ದಡದಿಂದ ಓರೆಯಾಗಿ ನದಿಯ ಮೇಲೆಯೇ ಚಿಮ್ಮುತ್ತದೆ, ಇಪ್ಪತ್ತು ನಿಮಿಷದಷ್ಟು ಹೊತ್ತು. ಚಿಮ್ಮುವ ಒಂದೆರಡು ಗಂಟೆ ಮೊದಲೇ ಬಾಯಿಂದ ನೀರು ಉಕ್ಕಿ ಹರಿಯಲು ಶುರುವಾಗುತ್ತದೆ, ಅದೇ ಗುರುತು. ಎರಡು ದಿನದಲ್ಲಿ ಇಡೀ ಪಾರ್ಕ್ ಮುಗಿಸಿಬಿಡಬೇಕು ಎಂದು ಬರುವವರಿಗೆ ಹೀಗೆ ಕೂತು ಕಾಯುವುದು ಸಾಧ್ಯವಿಲ್ಲ. ಎಂಟರ ಆಕಾರದ ದೊಡ್ಡ ರಸ್ತೆಯೇ 229 ಕಿಲೋಮೀಟರ್, ನಡುವೆ ಕಾಡೆಮ್ಮೆ (ಬೈಸನ್) ಹಿಂಡು ಅಡ್ಡ ಬಂದರೆ ಗಂಟೆಗಟ್ಟಲೆ ಕಾರಿನಲ್ಲೇ. ಹಾಗಾಗಿ ದಿನಕ್ಕೊಂದು ಕ್ಯಾಂಪ್ ಬದಲಿಸುವ ಯೋಜನೆ ಇದ್ದರೆ ಬಿಟ್ಟುಬಿಡಿ. ಒಂದೇ ಕಡೆ ಟೆಂಟ್ ಹಾಕಿ, ಅಲ್ಲಿಂದಲೇ ತಿರುಗಾಡಿ.

ಮುಂಜಾನೆಯ ಗೀಸರ್ ಬಯಲಿನಲ್ಲಿ ಎಲ್ಲೆಲ್ಲೂ ಹಬೆ ಎದ್ದಿರುತ್ತದೆ, ನೋಡಲೇಬೇಕು. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಮಾತ್ರ ಬೆಳಗ್ಗೆ ಹೋಗಬೇಡಿ. ನೂರು ಮೀಟರಿಗೂ ಅಗಲದ ಆ ಕೊಳದ ನೀಲಿ, ಹಳದಿ, ಕಿತ್ತಳೆ ಯಾವುದೂ ತಣ್ಣನೆಯ ಗಾಳಿಯ ದಟ್ಟ ಹಬೆಯಲ್ಲಿ ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಹೋಗಿ, ಫೇರಿ ಫಾಲ್ಸ್ ದಾರಿಯಲ್ಲಿ ಗುಡ್ಡದ ಮೇಲಿರುವ ಕಟ್ಟೆಯಿಂದ ನೋಡಿ. ಅಂಚಿನ ಬಣ್ಣಗಳೆಲ್ಲ ಬಿಸಿನೀರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. ಇದೇ ಪಾರ್ಕಿನ ಬಿಸಿನೀರಿನಲ್ಲಿ 1960ರ ದಶಕದಲ್ಲಿ ಥಾಮಸ್ ಬ್ರಾಕ್ ಪತ್ತೆ ಮಾಡಿದ ಒಂದು ಬ್ಯಾಕ್ಟೀರಿಯಾದ ಕಿಣ್ವವೇ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದು ನೆನಪಿರಬೇಕಲ್ಲ, ಅದೇ ಪರೀಕ್ಷೆ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ಕೊಳವನ್ನು ನೋಡುವ ಅವರ ನೋಟವೇ ಬದಲಾಯಿತು.

ಈಗ ಅಡುಗೆ. ಮ್ಯಾಡಿಸನ್ ಇರುವುದು ಸುಮಾರು 2,070 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಆಸುಪಾಸು, ಅಂದರೆ ನೀವು ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲೆ ಕೂತು ಅನ್ನ ಮಾಡುತ್ತಿರುತ್ತೀರಿ. ಅಲ್ಲಿ ನೀರು 93 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗ್ಯಾಸ್ ಮುಗಿಯುತ್ತದೆಯೇ ಹೊರತು ಬೇಳೆ ಬೇಯುವುದಿಲ್ಲ. ಕುಚ್ಚಲಕ್ಕಿಯ ಆಸೆ ಬಿಡಿ, ಬೆಳ್ತಿಗೆ ಅಕ್ಕಿ ಒಯ್ಯಿರಿ. ಮೂರು ಲೀಟರಿನ ಪುಟ್ಟ ಕುಕ್ಕರ್ ಇರಲೇಬೇಕು. ಮನೆಯಲ್ಲಿ ಮೂರು ವಿಷಲ್ ಆದರೆ ಇಲ್ಲಿ ಇನ್ನೆರಡು ಹೆಚ್ಚು.

ಗೀಸರ್ ನಡೆಯುವುದೂ ಇದೇ ಸೂತ್ರದ ಮೇಲೆ ಎಂದು ಮಕ್ಕಳಿಗೆ ಕುಕ್ಕರ್ ಮುಂದೆಯೇ ವಿವರಿಸಿದೆ. ಮಳೆ ಮತ್ತು ಹಿಮದ ನೀರು ನೆಲದಾಳಕ್ಕೆ ಇಳಿದು, ಕೆಳಗಿನ ಶಿಲಾಪಾಕದಿಂದ ಕಾದ ಬಂಡೆಗಳ ಬಿಸಿಯಲ್ಲಿ ಕಾಯುತ್ತದೆ. ಮೇಲಿನ ನೀರಿನ ಭಾರ ಮತ್ತು ಕೊಳವೆಯ ಇಕ್ಕಟ್ಟಾದ ಕುತ್ತಿಗೆಯಿಂದಾಗಿ ಅದು ಕುದಿಯುವ ಮಟ್ಟ ದಾಟಿದರೂ ಕುದಿಯಲಾಗುವುದಿಲ್ಲ. ಒಂದಿಷ್ಟು ಗುಳ್ಳೆಗಳು ಮೇಲಿನ ನೀರನ್ನು ಹೊರಕ್ಕೆ ತಳ್ಳಿದವೋ, ಒತ್ತಡ ಇಳಿದು ಕೆಳಗಿನದು ಒಮ್ಮೆಗೇ ಆವಿಯಾಗಿ ಎಲ್ಲವನ್ನೂ ಮೇಲಕ್ಕೆಸೆಯುತ್ತದೆ. ಕುತ್ತಿಗೆ ಇಕ್ಕಟ್ಟಿಲ್ಲದ ಕಡೆ ಅದು ಬರೀ ಬಿಸಿನೀರಿನ ಬುಗ್ಗೆ. ಇಂಥ ಬುಗ್ಗೆ, ಹಬೆಗಂಡಿ, ಕುದಿಯುವ ಕೆಸರು ಎಲ್ಲ ಸೇರಿ ಯೆಲ್ಲೋಸ್ಟೋನ್‌ನಲ್ಲಿ 10,000ಕ್ಕೂ ಹೆಚ್ಚು. ಜಗತ್ತಿನ ಗೀಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇವೆ.

ಅಡುಗೆಗಿಂತ ಅಡುಗೆಯ ವಾಸನೆ ದೊಡ್ಡ ವಿಷಯ. ಇದು ಗ್ರಿಜ್ಲಿ ಕರಡಿಗಳ ನಾಡು. ಊಟ ಮುಗಿದ ತಕ್ಷಣ ಪಾತ್ರೆ, ಸ್ಟೌ, ಕಸ, ನೀರಿನ ಬಾಟಲಿ ಎಲ್ಲವೂ ಕ್ಯಾಂಪ್‌ನಲ್ಲೇ ಇಟ್ಟಿರುವ ಕಬ್ಬಿಣದ ಪೆಟ್ಟಿಗೆಗೆ ಅಥವಾ ಗಾಜು ಏರಿಸಿದ ಕಾರಿನೊಳಕ್ಕೆ ಹೋಗಬೇಕು. ತಿನ್ನುವ ವಸ್ತು ಮಾತ್ರ ಅಲ್ಲ, ವಾಸನೆ ಇರುವುದೆಲ್ಲ: ಟೂತ್‌ಪೇಸ್ಟ್, ಸೋಪು, ಅಮ್ಮನ ಕೊಬ್ಬರಿ ಎಣ್ಣೆ, ಅಪ್ಪನ ಅಮೃತಾಂಜನ. ಅಮೃತಾಂಜನ ತಲೆದಿಂಬಿನ ಕೆಳಗೇ ಇರಬೇಕು ಎನ್ನುವುದು ಅಪ್ಪನ ದಶಕಗಳ ವ್ರತ, ಬಿಡಿಸಲು ರೇಂಜರ್ ಮಾತೇ ಬೇಕಾಯಿತು. ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಮಲಗಬೇಡಿ. ಫಿಶಿಂಗ್ ಬ್ರಿಜ್ ಎಂಬ ಕ್ಯಾಂಪ್‌ನಲ್ಲಂತೂ ಕರಡಿಗಳ ಕಾರಣಕ್ಕೆ ಬಟ್ಟೆಯ ಟೆಂಟ್‌ಗೆ ಅನುಮತಿಯೇ ಇಲ್ಲ, ಗಟ್ಟಿ ಗೋಡೆಯ ವಾಹನ ಇದ್ದವರಿಗೆ ಮಾತ್ರ. ಬುಕ್ ಮಾಡುವಾಗ ಹೆಸರು ನೋಡಿಕೊಳ್ಳಿ. ಬೆಳಗಿನ ತಿಂಡಿಗೆ ನನ್ನ ಮತ ಗೊಜ್ಜವಲಕ್ಕಿಗೆ: ಒಲೆ ಬೇಡ, ವಾಸನೆ ಕಡಿಮೆ, ಏಳು ಗಂಟೆಗೆ ಗೀಸರ್ ಮುಂದೆ ಇರಬಹುದು.

ಚಳಿಯ ಬಗ್ಗೆ ಹಿರಿಯರಿಗೆ ಮೊದಲೇ ಹೇಳಿಡಿ. ಹಗಲು 25 ಡಿಗ್ರಿ ಇದ್ದರೂ ಜುಲೈ ರಾತ್ರಿಯಲ್ಲಿ 5 ಡಿಗ್ರಿಗೆ ಇಳಿಯುವುದು ಮಾಮೂಲು, ಕೆಲವೊಮ್ಮೆ ಸೊನ್ನೆಯ ಹತ್ತಿರ. ಕೆಳಗಿನ ಹಾಸಿಗೆಗೆ ದುಡ್ಡು ಹಾಕಿ, ಮೇಲಿನ ಹೊದಿಕೆಗಲ್ಲ, ಚಳಿ ನೆಲದಿಂದ ಬರುತ್ತದೆ. ಅಪ್ಪ-ಅಮ್ಮನಿಗೆ ಮಡಚುವ ಮಂಚ ಒಯ್ದಿದ್ದೆವು, ನೆಲದಿಂದ ಏಳುವ ಕಷ್ಟವೂ ತಪ್ಪಿತು. ಉಸಿರಾಟ ಅಥವಾ ಹೃದಯದ ತೊಂದರೆ ಇದ್ದವರಿಗೆ ಈ ಎತ್ತರ ಆಗಿಬರುತ್ತದೆಯೇ ಎಂದು ವೈದ್ಯರನ್ನು ಕೇಳಿಯೇ ಹೊರಡಿ. ಮ್ಯಾಡಿಸನ್‌ನಲ್ಲಿ ನೀರಿನ ಶೌಚಾಲಯ ಇದೆ, ಸ್ನಾನದ ಮನೆ ಇಲ್ಲ. ದಿನಾ ಸ್ನಾನ ಆಗಲೇಬೇಕು ಎನ್ನುವವರಿದ್ದರೆ ಕ್ಯಾನ್ಯನ್ ಅಥವಾ ಗ್ರ್ಯಾಂಟ್ ವಿಲೇಜ್ ನೋಡಿ, ಅಲ್ಲಿ ಶವರ್ ಇವೆ, ಆದರೆ ಓಲ್ಡ್ ಫೇಯ್ತ್‌ಫುಲ್ ದೂರವಾಗುತ್ತದೆ. ಚೆಕ್-ಇನ್ ಮಾಡುವಾಗ ಶೌಚಾಲಯಕ್ಕೆ ಹತ್ತಿರದ ಜಾಗ ಕೊಡಿ ಎಂದು ಬಾಯಿಬಿಟ್ಟು ಕೇಳಿ.

ನಮ್ಮ ಕಡೆ, ಪುತ್ತೂರಿನ ಹತ್ತಿರದ ಇರ್ದೆಯಲ್ಲಿ, ಬೆಂದ್ರ್ ತೀರ್ಥ ಎಂಬ ಬಿಸಿನೀರಿನ ಕೊಳ ಇದೆ. ಅದನ್ನು ನೋಡಿದ್ದ ಅಮ್ಮ ಇಲ್ಲಿ ಮೊದಲು ಕೇಳಿದ್ದು, “ಇಷ್ಟು ಬಿಸಿನೀರು ಉಂಟು, ಒಂದು ಗುಡಿ ಇಲ್ವಾ ಮಾರಾಯ?” ಎಂದು. ಮಾರ್ನಿಂಗ್ ಗ್ಲೋರಿ ಕೊಳದ ಹತ್ತಿರ ಬಂದಾಗ ಕೈ ಪರ್ಸಿಗೆ ಹೋಯಿತು. ಅಲ್ಲಿನ ಕಥೆ ಹೇಳಿದೆ: ದಶಕಗಳ ಕಾಲ ಜನ ಎಸೆದ ನಾಣ್ಯ, ಕಸ ಎಲ್ಲ ಒಳಗಿನ ಗಂಡಿಗೆ ಸಿಕ್ಕಿಕೊಂಡು, ಬಿಸಿನೀರು ಬರುವುದು ಕಡಿಮೆಯಾಗಿ, ಅಚ್ಚ ನೀಲಿಯಾಗಿದ್ದ ಕೊಳಕ್ಕೆ ಹಳದಿ, ಕಿತ್ತಳೆ ಅಂಚು ಹತ್ತಿದೆ. ನಾಣ್ಯ ಪರ್ಸಿಗೇ ವಾಪಸಾಯಿತು. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯಲ್ಲೇ ಅಕ್ಕಿ ಬೇಯಿಸುತ್ತಾರಲ್ಲ ಎಂದು ಅಪ್ಪ ಕೇಳಿದರು. ಇಲ್ಲಿ ಅದು ಅಪರಾಧ. 2020ರಲ್ಲಿ ಕೆಲವರು ಒಂದು ಬುಗ್ಗೆಯಲ್ಲಿ ಗೋಣಿಚೀಲದೊಳಗೆ ಕೋಳಿ ಇಳಿಬಿಟ್ಟು ಬೇಯಿಸಲು ಹೋಗಿ ದಂಡ ಕಟ್ಟಿದ್ದಾರೆ, ಪಾರ್ಕಿಗೆ ಬರದಂತೆ ನಿರ್ಬಂಧವನ್ನೂ ಹಾಕಿಸಿಕೊಂಡಿದ್ದಾರೆ.

ಮಕ್ಕಳ ವಿಷಯದಲ್ಲಿ ನನಗೆ ಭಯ ಇದ್ದಿದ್ದು ಕರಡಿಯದ್ದಲ್ಲ, ಇದೇ ಬಿಸಿನೀರಿನದ್ದು. ಮರದ ಹಲಗೆಯ ದಾರಿ ಬಿಟ್ಟು ಕಾಲಿಟ್ಟರೆ ಕೆಲವು ಕಡೆ ನೆಲ ಬರೀ ತೆಳ್ಳನೆಯ ಪದರ, ಕೆಳಗೆ ಕುದಿಯುವ ನೀರು. ಈವರೆಗೆ 20ಕ್ಕೂ ಹೆಚ್ಚು ಜನ ಸುಟ್ಟು ಸತ್ತಿದ್ದಾರೆ. ಬಹಳ ಕಡೆ ಕಟಕಟೆಯೂ ಇರುವುದಿಲ್ಲ. ಸಣ್ಣವರ ಕೈ ಹಿಡಿದೇ ನಡೆಸಿ. ಕಾಡೆಮ್ಮೆಯಿಂದ ಕನಿಷ್ಠ 23 ಮೀಟರ್, ಕರಡಿ ಮತ್ತು ತೋಳದಿಂದ 91 ಮೀಟರ್ ದೂರ ಇರಬೇಕೆಂದು ನಿಯಮ. ಈ ಪಾರ್ಕಿನಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಕರಡಿಯಲ್ಲ, ಸಾಧುವಾಗಿ ಮೇಯುತ್ತಿರುವಂತೆ ಕಾಣುವ ಕಾಡೆಮ್ಮೆ.

ಮನೆಯಲ್ಲಿ ಯಾರಾದರೂ ಯೂಟ್ಯೂಬ್ ನೋಡಿ “ಆ ಪಾರ್ಕಿನ ಕೆಳಗಿರುವ ಜ್ವಾಲಾಮುಖಿ ಸಿಡಿಯುತ್ತದಂತೆ” ಅಂದೇ ಅನ್ನುತ್ತಾರೆ. ಕೊನೆಯ ಮಹಾಸ್ಫೋಟ ಆಗಿದ್ದು ಸುಮಾರು 6,40,000 ವರ್ಷದ ಹಿಂದೆ, ನಿದ್ದೆಗೆಡುವ ಅಗತ್ಯ ಇಲ್ಲ. ಭೂಮಿ ಅಲುಗಾಡುವುದಂತೂ ನಿಜ. 1959ರ ಆಗಸ್ಟ್ 17ರ ರಾತ್ರಿ ಪಾರ್ಕಿನ ಪಶ್ಚಿಮಕ್ಕೆ ಹೆಬ್‌ಗೆನ್ ಸರೋವರದ ಬಳಿ ದೊಡ್ಡ ಭೂಕಂಪವಾಗಿ 28 ಜನ ಸತ್ತರು, ಹೆಚ್ಚಿನವರು ಗುಡ್ಡ ಕುಸಿದ ಕಡೆ ಕ್ಯಾಂಪ್ ಹಾಕಿದ್ದವರು. 2024ರ ಜುಲೈಯಲ್ಲಿ ಬಿಸ್ಕಿಟ್ ಬೇಸಿನ್‌ನಲ್ಲಿ ಹಗಲುಹೊತ್ತೇ ಒಂದು ಕೊಳ ಸಿಡಿದು ಹಲಗೆ ದಾರಿ ಮುರಿಯಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಯಾವ ದಾರಿ ಮುಚ್ಚಿದೆ ಎಂದು ಹೊರಡುವ ಮುನ್ನ ಪಾರ್ಕಿನ ವೆಬ್‌ಸೈಟ್ ನೋಡಿ, ಒಳಗೆ ಫೋನ್ ಸಿಗ್ನಲ್ ನಂಬುವಂತಿಲ್ಲ.

ಮ್ಯಾಡಿಸನ್ ಬುಕಿಂಗ್ ಒಂದು ವರ್ಷ ಮೊದಲೇ ತೆರೆದು ಬೇಗ ತುಂಬುತ್ತದೆ, ಆದರೆ ರದ್ದಾದ ಜಾಗಗಳು ಆಗಾಗ ಕಾಣಿಸಿಕೊಳ್ಳುತ್ತವೆ, ಬೆಳಗ್ಗೆ-ಸಂಜೆ ನೋಡುತ್ತಿರಿ. ಪ್ರವೇಶಕ್ಕೆ ಕಾರಿಗೆ 35 ಡಾಲರ್, ಏಳು ದಿನಕ್ಕೆ. ಆದರೆ 2026ರಿಂದ ಅಮೆರಿಕದ ನಿವಾಸಿಗಳಲ್ಲದ 16 ವರ್ಷ ತುಂಬಿದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ, ಅಪ್ಪ-ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಈ ಖರ್ಚನ್ನು ಲೆಕ್ಕದಲ್ಲಿಡಿ. ವಿಮಾನದಲ್ಲಿ ಬರುವುದಾದರೆ ಕರಡಿ ಸ್ಪ್ರೇ (ಕರಡಿ ಮೇಲೆ ಬಂದರೆ ಎರಚುವ ಖಾರದ ದ್ರವ) ಮತ್ತು ಸ್ಟೌ ಗ್ಯಾಸ್ ಎರಡನ್ನೂ ಒಯ್ಯಲು ಬಿಡುವುದಿಲ್ಲ. ವೆಸ್ಟ್ ಯೆಲ್ಲೋಸ್ಟೋನ್ ಊರಿನ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಅಲ್ಲಿಂದ ಮ್ಯಾಡಿಸನ್ ಅರ್ಧ ಗಂಟೆ ದಾರಿ. ತೊಗರಿಬೇಳೆ ಮಾತ್ರ ಅಲ್ಲಿ ಹುಡುಕಬೇಡಿ, ಮನೆಯಿಂದಲೇ ಕಟ್ಟಿಕೊಳ್ಳಿ.