ಕರ್ಟನ್ ರಾಡ್ ಮೂರನೇ ಸಲ ಕಿತ್ತು ಬಂತು, ಏನು ಮಾಡೋಣ?

ಆರಿದ್ರಾ ಮಳೆ ಹಿಡಿದರೆ ಸಾಕು, ನನಗೆ ಬರುವ ಪ್ರಶ್ನೆಗಳೇ ಬದಲಾಗುತ್ತವೆ. ಬೇಸಿಗೆಯಲ್ಲಿ ಯಾವ ಬಟ್ಟೆ, ಯಾವ ಬಣ್ಣ ಎಂದು ಕೇಳಿದವರೇ ಈಗ ರಾಡ್ ಬಿತ್ತು, ತುಕ್ಕು ಹಿಡಿಯಿತು, ಬೂಷ್ಟು ಬಂತು ಎನ್ನುತ್ತಾರೆ. ಈ ಸಲ ಮೊದಲ ಪ್ರಶ್ನೆಗೇ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬಹಳ ಜನರ ತಾಪತ್ರಯ ಅದೇ.

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಹಳ್ಳಿ. ಜಂಬಿಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಗಾರೆ. ನಡುಮನೆಯ ಕರ್ಟನ್ ರಾಡ್ ಎರಡು ವರ್ಷದಲ್ಲಿ ಮೂರು ಸಲ ಪ್ಲಗ್ (ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತುರುಕುವ ಪ್ಲಾಸ್ಟಿಕ್ ತುಂಡು) ಸಮೇತ ಕಿತ್ತು ಬಂದಿದೆ. ಬಟ್ಟೆ ಭಾರ ಆಯಿತು, ತೆಳ್ಳಗಿನದು ಹಾಕು ಅಂತಾರೆ ನಮ್ಮ ಮನೆಯವರು. ನಿಜವಾ?

ಬಟ್ಟೆಯನ್ನು ಬೈಯಬೇಡಿ, ಅದರದ್ದೇನೂ ತಪ್ಪಿಲ್ಲ. ಲೆಕ್ಕ ಹಾಕೋಣ. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ದಪ್ಪ ಹತ್ತಿ ಪರದೆ ಅಂದರೆ ಸುಮಾರು 2.6 ಚದರ ಮೀಟರ್ ಬಟ್ಟೆ. ಚದರ ಮೀಟರಿಗೆ 250 ಗ್ರಾಂ ಹಿಡಿದರೂ 650 ಗ್ರಾಂ. ಎರಡು ಪರದೆ ಸೇರಿದರೆ 1.3 ಕೆಜಿ. ಸುಲಿದ ತೆಂಗಿನಕಾಯಿ ಎರಡು ನೇತು ಹಾಕಿದ ಹಾಗೆ, ಅಷ್ಟೇ. ಇಷ್ಟಕ್ಕೆ ಯಾವ ಗೋಡೆಯೂ ಸೋಲುವುದಿಲ್ಲ.

ಸೋಲಿಸುವುದು ಎಳೆಯುವ ಕೈ. ಬೆಳಿಗ್ಗೆ ಎದ್ದು ಸರ್ರನೆ ಎಳೆಯುತ್ತೇವೆ, ಮಕ್ಕಳು ಜೋತಾಡುತ್ತವೆ, ಕೆಲವು ಮನೆಗಳಲ್ಲಿ ಮಂಗನೂ ಒಂದು ಕೈ ನೋಡಿ ಹೋಗುತ್ತದೆ. ಬ್ರಾಕೆಟ್ ಗೋಡೆಯಿಂದ ಮೂರು ಇಂಚು ಮುಂದೆ ಚಾಚಿರುತ್ತದೆ. ಅದರ ಎರಡು ಸ್ಕ್ರೂಗಳ ನಡುವೆ ಒಂದೂಕಾಲು ಇಂಚು ಇದ್ದರೆ ಹೆಚ್ಚು. ಮುಂದಿನ ತುದಿಯಲ್ಲಿ ಹತ್ತು ಕೆಜಿ ಬಲದಿಂದ ಜಗ್ಗಿದರೆ ಮೇಲಿನ ಸ್ಕ್ರೂವನ್ನು ಇಪ್ಪತ್ತು ಕೆಜಿಗೂ ಜಾಸ್ತಿ ಬಲ ಹೊರಕ್ಕೆ ಎಳೆಯುತ್ತದೆ. ಹಾರೆಯಿಂದ ಕಲ್ಲು ಮೀಟುತ್ತೇವಲ್ಲ, ಅದೇ ಸೂತ್ರ. ಹಾಗಾಗಿ ಯಾವಾಗಲೂ ಮೊದಲು ಸಡಿಲವಾಗುವುದು ಮೇಲಿನ ಸ್ಕ್ರೂ. ಅಂಗಡಿಯಲ್ಲಿ ಬ್ರಾಕೆಟ್ ಆರಿಸುವಾಗ ಗೋಡೆಗೆ ಕೂರುವ ತಟ್ಟೆ ಉದ್ದ ಇರುವುದನ್ನು ನೋಡಿ. ಮುಂದಿನ ಚೆಂಡು, ಹೂವು, ಎಲೆಯ ಅಂದ ಆಮೇಲೆ ನೋಡಿದರಾಯಿತು.

ಇನ್ನು ಪ್ಲಗ್. ಬ್ರಾಕೆಟ್ ಪ್ಯಾಕೆಟ್ಟಿನಲ್ಲಿ ಬಿಟ್ಟಿ ಬರುವ ಪ್ಲಗ್ ಸಾಮಾನ್ಯವಾಗಿ ಒಂದು ಇಂಚಿನದು. ನಿಮ್ಮ ಗೋಡೆಯ ಗಾರೆಯೇ ಅರ್ಧದಿಂದ ಮುಕ್ಕಾಲು ಇಂಚು ಇರುತ್ತದೆ. ಜಂಬಿಟ್ಟಿಗೆ ಏರುತಗ್ಗು ಇರುವುದರಿಂದ ಕೆಲವು ಕಡೆ ಒಂದು ಇಂಚೂ ಇರಬಹುದು. ಅಂದರೆ ಪ್ಲಗ್ ಗಾರೆಯಲ್ಲೇ ನಿಂತಿದೆ, ಕಲ್ಲನ್ನು ಮುಟ್ಟಿಯೇ ಇಲ್ಲ. ಮೂರೂ ಸಲ ಪ್ಲಗ್ ಸಮೇತ ಬಂತು ಎಂದು ಬರೆದಿದ್ದೀರಲ್ಲ, ಆ ಸಾಲು ಓದಿದಾಗಲೇ ಇದು ಅನಿಸಿತು.

ತೂತು ಕೊರೆಯುವಾಗ ಬೀಳುವ ಪುಡಿಯ ಬಣ್ಣ ನೋಡಿ. ಗೋಡೆ ತನ್ನ ವಿಷಯ ತಾನೇ ಹೇಳುತ್ತದೆ. ಮೊದಲು ಬೂದು ಪುಡಿ ಬರುತ್ತದೆ, ಅದು ಗಾರೆ. ಕೆಂಪು ಪುಡಿ ಶುರುವಾದರೆ ಜಂಬಿಟ್ಟಿಗೆ. ಎರಡು ಇಂಚು ಹೋದರೂ ಬೂದು ಪುಡಿಯೇ ಬರುತ್ತಿದ್ದು, ಡ್ರಿಲ್ ತಿಣುಕುತ್ತಿದ್ದರೆ ಅದು ಕಾಂಕ್ರೀಟ್ ಲಿಂಟಲ್, ಅಂದರೆ ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆ, ನಿಮ್ಮ ಅದೃಷ್ಟ. ಕಿಟಕಿಯ ನೆತ್ತಿಯ ಮೇಲೆ ಸುಮಾರು ಆರು ಇಂಚು ಎತ್ತರಕ್ಕೆ ಅದು ಇರುತ್ತದೆ, ಎರಡೂ ಪಕ್ಕ ಅರ್ಧ ಅಡಿಯಷ್ಟು ಗೋಡೆಯೊಳಗೆ ಚಾಚಿರುತ್ತದೆ. ಬ್ರಾಕೆಟ್ ಆ ಜಾಗದಲ್ಲೇ ಕೂತರೆ, ಗಾರೆ ದಾಟಿಸಿ ಕೂರಿಸಿದ ಸಣ್ಣ ಪ್ಲಗ್ ಕೂಡ ಸಾಕು. ಕೊರೆಯುತ್ತಿದ್ದ ಬಿಟ್ ಕಿರ್ ಎಂದು ನಿಂತರೆ ಒಳಗಿನ ಕಬ್ಬಿಣದ ಸರಳು ಸಿಕ್ಕಿದೆ ಎಂದರ್ಥ. ಅದರ ಜೊತೆ ಜಗಳ ಬೇಡ, ಒಂದು ಇಂಚು ಪಕ್ಕಕ್ಕೆ ಹೋಗಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಮಾತ್ರ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ.

ಲಿಂಟಲ್ ಸಿಗದೆ ಕೆಂಪು ಪುಡಿಯೇ ಬಂದರೆ ಡ್ರಿಲ್ಲಿನ ಹ್ಯಾಮರ್ ಬಟನ್ ಆಫ್ ಮಾಡಿ, ಸುಮ್ನೆ ತಿರುಗಿಸಿ ಕೊರೆಯಿರಿ. ಜಂಬಿಟ್ಟಿಗೆಯ ಒಳಗೆ ಸಣ್ಣ ಸಣ್ಣ ಪೊಟರೆಗಳಿರುತ್ತವೆ. ಹ್ಯಾಮರ್ ಹೊಡೆದರೆ 8 ಮಿಮೀ ತೂತು 11 ಮಿಮೀ ಆಗಿಬಿಡುತ್ತದೆ. 8 ಮಿಮೀ ದಪ್ಪ, 40 ಮಿಮೀ ಉದ್ದದ ನೈಲಾನ್ ಪ್ಲಗ್ ತನ್ನಿ. ತೂತು ಮೂರು ಇಂಚು ಆಳ ಇರಲಿ, ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಕಣ್ಣು ಮುಚ್ಚಿಕೊಂಡು ಊದಿ, ಅನುಭವದ ಮಾತು. ಪ್ಲಗ್ಗನ್ನು ಗಾರೆ ದಾಟಿಸಿ ಒಳಕ್ಕೆ ಕೂರಿಸಿ. ಅದಕ್ಕೆ 10 ನಂಬರಿನ 65 ಮಿಮೀ ಸ್ಕ್ರೂ. ಇಲ್ಲಿ ಬಹಳ ಜನ ಎಡವುತ್ತಾರೆ. 8 ಮಿಮೀ ಪ್ಲಗ್ಗಿಗೆ ಕೈಗೆ ಸಿಕ್ಕಿದ 8 ನಂಬರಿನ ಸ್ಕ್ರೂ ಹಾಕುತ್ತಾರೆ. ಅದರ ದಪ್ಪ ನಾಲ್ಕು ಮಿಮೀ ಚಿಲ್ಲರೆ, ಪ್ಲಗ್ ಸರಿಯಾಗಿ ಹಿಗ್ಗುವುದೇ ಇಲ್ಲ. 8 ನಂಬರಿಗೆ 6 ಮಿಮೀ ಪ್ಲಗ್, 10 ನಂಬರಿಗೆ 8 ಮಿಮೀ ಪ್ಲಗ್. ಬ್ರಾಕೆಟ್ಟಿನ ತೂತಿನಲ್ಲಿ 10 ನಂಬರು ಹಿಡಿಸದಿದ್ದರೆ 5 ಮಿಮೀ ಬಿಟ್ಟಿನಿಂದ ಅದನ್ನೇ ಸ್ವಲ್ಪ ದೊಡ್ಡದು ಮಾಡಿ. (ಅಂಗಡಿಯಲ್ಲಿ ‘ಫಿಷರ್ ಕೊಡಿ’ ಎಂದು ಕೇಳುತ್ತೇವಲ್ಲ, ಅದು ಜರ್ಮನಿಯ ಆರ್ಥರ್ ಫಿಷರ್ ಅವರ ಹೆಸರು. ಈ ನೈಲಾನ್ ಪ್ಲಗ್ ಮಾಡಿದ್ದು ಅವರು, 1958ರಲ್ಲಿ.)

ಮೂರು ಸಲ ಕಿತ್ತು ಬಂದ ಹಳೆಯ ತೂತಿಗೆ ಬೆಂಕಿಕಡ್ಡಿ, ಕಾಗದ ತುರುಕಿ ಮತ್ತೆ ಸ್ಕ್ರೂ ತಿರುವಬೇಡಿ. ಅಲ್ಲಿಗೆ ಮರದ ಗಟ್ಟ ಬೇಕು. ಹಳೇ ಗಾರೆ ಕೆಲಸದವರ ಉಪಾಯ ಇದು. ತೂತನ್ನು ಉಳಿಯಿಂದ ದೊಡ್ಡದು ಮಾಡಿ, ಒಳಗಡೆ ದಪ್ಪ, ಹೊರಗಡೆ ಸಣ್ಣ ಇರುವ ಹಾಗೆ ಕೆತ್ತಿದ ಒಣ ಮರದ ತುಂಡನ್ನು ಸಿಮೆಂಟಿನಲ್ಲಿ ಕೂರಿಸುತ್ತಿದ್ದರು. ವಾರ ಬಿಟ್ಟು ಅದಕ್ಕೆ ಸ್ಕ್ರೂ. ಆ ಗಟ್ಟ ಈಚೆ ಬರಬೇಕಾದರೆ ಗೋಡೆಯನ್ನೇ ಒಡೆದುಕೊಂಡು ಬರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಇದೆಲ್ಲ ಬಿಟ್ಟು ಒಂದು ಹಲಗೆ ಹೊಡೆಯುತ್ತಿದ್ದೆ. ನಾಲ್ಕು ಇಂಚು ಅಗಲ, ಒಂದು ಇಂಚು ದಪ್ಪ, ರಾಡಿಗಿಂತ ಸ್ವಲ್ಪ ಉದ್ದ. ಕಿಟಕಿಯ ಮೇಲೆ ಅಡ್ಡಕ್ಕೆ ಇಟ್ಟು ಐದಾರು ಕಡೆ ಪ್ಲಗ್ ಹಾಕಿ ಬಿಗಿಯಿರಿ, ಗೋಡೆಯ ಬಣ್ಣವನ್ನೇ ಬಳಿಯಿರಿ. ಬ್ರಾಕೆಟ್ ಹಲಗೆಗೆ. ಒಂದು ಪ್ಲಗ್ ಸಡಿಲವಾದರೂ ಉಳಿದವು ಹಿಡಿದುಕೊಳ್ಳುತ್ತವೆ. ಮಣ್ಣಿನ ಗೋಡೆಯವರಿಗಂತೂ ಪ್ಲಗ್ ಲೆಕ್ಕಕ್ಕೇ ಇಲ್ಲ. ಕಿಟಕಿಯ ಮರದ ಚೌಕಟ್ಟು ಇಲ್ಲವೇ ಮುಚ್ಚಿಗೆಯ ತೊಲೆ, ಇವೆರಡನ್ನೇ ನಂಬಿ.

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸ್ಟೀಲ್ ರಾಡ್ ಅಂತ ತಂದೆವು. ಒಂದೇ ಮಳೆಗಾಲಕ್ಕೆ ಬ್ರಾಕೆಟ್ ತುಕ್ಕು ಹಿಡಿದು ಬಿಳಿ ಪರದೆಗೆ ಕಲೆ ಆಗಿದೆ. ಮುಂದಿನ ಸಲ ಮ್ಯಾಗ್ನೆಟ್ ತೆಗೆದುಕೊಂಡು ಹೋಗಬೇಕಾ?

ತೆಗೆದುಕೊಂಡು ಹೋಗಿ, ಆದರೆ ಅದನ್ನೊಂದನ್ನೇ ನಂಬಬೇಡಿ. ಹೊಳೆಯುವುದೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಅಲ್ಲ. ಎಷ್ಟೋ ಬ್ರಾಕೆಟ್‌ಗಳು ಒಳಗೆ ಸಾದಾ ಕಬ್ಬಿಣ, ಮೇಲೆ ತೆಳು ಲೇಪ. ಸ್ಕ್ರೂ ತಿರುವುವಾಗ ಆ ಲೇಪ ಒಂದು ಕಡೆ ಗೀರಿದರೂ ತುಕ್ಕು ಅಲ್ಲಿಂದಲೇ ಶುರು. ಇಂಥವನ್ನು ಮ್ಯಾಗ್ನೆಟ್ ಹಿಡಿದುಕೊಡುತ್ತದೆ, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಅಂಟದಿದ್ದರೆ 304, ಅಂದರೆ ಒಳ್ಳೆಯ ಜಾತಿಯ ಸ್ಟೇನ್‌ಲೆಸ್ ಸ್ಟೀಲ್, ಎಂದು ಖುಷಿಪಡಬೇಡಿ. 202 ಎಂಬ ಅಗ್ಗದ ಜಾತಿಗೂ ಮ್ಯಾಗ್ನೆಟ್ ಹಾಗೆಲ್ಲ ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು ಅಲ್ವಾ? ನಾನೂ ಒಮ್ಮೆ ಹೀಗೆ ಮೋಸ ಹೋಗಿದ್ದೇನೆ, ನಮ್ಮ ಬಚ್ಚಲುಮನೆಯ ರಾಡಿನ ಮೇಲೆ ಈಗಲೂ ಚುಕ್ಕೆ ಇವೆ.

ಎಲ್ಲ ಕೋಣೆಗೂ 304 ಬೇಕಿಲ್ಲ. ಎರಚಲು ಬರುವ ಜಗಲಿ, ಬಚ್ಚಲು, ಪಶ್ಚಿಮದ ಕಿಟಕಿ, ಇವಕ್ಕೆ ಸಾಕು. ಒಳಗಿನ ಕೋಣೆಗೆ ಅಲ್ಯೂಮಿನಿಯಂ ಅಥವಾ ಮರದ ರಾಡ್ ಚೆನ್ನಾಗಿ ನಡೆಯುತ್ತದೆ. ರಾಡಿಗೆ ಸಾವಿರ ಖರ್ಚು ಮಾಡಿ ಸ್ಕ್ರೂ ಮಾತ್ರ ಕಬ್ಬಿಣದ್ದು ಹಾಕುತ್ತಾರೆ ನೋಡಿ, ಅದು ಬೇಡ.

ಪ್ರಶ್ನೆ: ಕೊಪ್ಪದಲ್ಲಿ ಅಜ್ಜನ ಕಾಲದ ಮನೆ. ಕಿಟಕಿಗಳದ್ದು ಮತ್ತಿ ಮರ. ಹಿತ್ತಾಳೆ ಸ್ಕ್ರೂ ತಿರುವಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಕಬ್ಬಿಣದ್ದು ಹಾಕಿದರೆ ಸುತ್ತ ಕಪ್ಪಾಗುತ್ತದೆ.

ಮರ ಗಟ್ಟಿ, ಹಿತ್ತಾಳೆ ಮೆತ್ತಗೆ. ಮುರಿಯದೆ ಇನ್ನೇನಾದೀತು? 8 ನಂಬರಿನ ಸ್ಕ್ರೂಗೆ ಮೊದಲು 3 ಮಿಮೀ ತೂತು ಕೊರೆಯಿರಿ. ಆಮೇಲೆ ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ತಿರುವಿ, ಹೊರಗೆ ತೆಗೆಯಿರಿ. ಅದು ಮರದೊಳಗೆ ಸ್ಕ್ರೂವಿನ ಸುರುಳಿ ಗೆರೆಯನ್ನು ಕೊರೆದಿಟ್ಟಿರುತ್ತದೆ. ಹಿತ್ತಾಳೆ ಸ್ಕ್ರೂಗೆ ಸ್ವಲ್ಪ ಬಟ್ಟೆ ಸೋಪು ಇಲ್ಲವೇ ಮೇಣ ಉಜ್ಜಿ, ಕೈಯಲ್ಲೇ ತಿರುವಿ. ಡ್ರಿಲ್ ಮಷಿನ್ ಬೇಡ, ಅದಕ್ಕೆ ಬಿಗಿ ಗೊತ್ತಾಗುವುದಿಲ್ಲ.

ಕಪ್ಪು ಕಲೆಗೆ ಕಾರಣ ಮರದಲ್ಲಿರುವ ಒಗರು. ಒಗರು, ಕಬ್ಬಿಣ, ತೇವ ಮೂರೂ ಸೇರಿದರೆ ಶಾಯಿಯಾಗುತ್ತದೆ. ಉಪಮೆ ಕೊಡುತ್ತಿಲ್ಲ, ಹಿಂದೆ ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೇ ಹೀಗೆ. ಅಳಲೆಯೂ ಮತ್ತಿಯೂ ಒಂದೇ ಕುಲದ ಮರಗಳು. ಹಿತ್ತಾಳೆ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಈ ಕಾಟ ಇರುವುದಿಲ್ಲ. ಆಗಿರುವ ಕಲೆಯನ್ನು ಉಜ್ಜಿ ತೆಗೆಯುವ ಗೋಜಿಗೆ ಹೋಗಬೇಡಿ. ಅಗಲ ತಟ್ಟೆಯ ಬ್ರಾಕೆಟ್ ತಂದರೆ ಅದರ ಅಡಿಗೆ ಹೋಗುತ್ತದೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಎಂದಿದ್ದಾರೆ ಓನರ್ ಆಂಟಿ. ಅಂಟಿಸುವ ಹುಕ್ ನಡೆಯುತ್ತದಾ?

ಟೈಲ್ಸ್ ಮೇಲೆ ನಡೆಯುತ್ತದೆ, ಡಿಸ್ಟೆಂಪರ್ ಗೋಡೆಯ ಮೇಲೆ ಇಲ್ಲ. ಅಂಟು ಬಣ್ಣವನ್ನು ಹಿಡಿಯುತ್ತದೆ, ಬಣ್ಣ ಗೋಡೆಯನ್ನು ಹಿಡಿಯುವುದಿಲ್ಲ. ತೇವಕ್ಕೆ ಹೊಪ್ಪಳೆ ಸಮೇತ ಬಂದರೆ ಆಂಟಿ ಹತ್ತಿರ ಇನ್ನೂ ಜಾಸ್ತಿ ಬೈಸಿಕೊಳ್ಳಬೇಕು. ಕಿಟಕಿಯ ಗೂಡಿನ ಎರಡು ಪಕ್ಕದ ಗೋಡೆಗಳ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಮೊಳೆ ಬೇಡ, ಸ್ಕ್ರೂ ಬೇಡ. ನಾಲ್ಕು ಅಡಿ ಒಳಗಿನ ಕಿಟಕಿಗೆ, ಹಗುರ ಬಟ್ಟೆಗೆ ಮಾತ್ರ.

ಪ್ರಶ್ನೆ: ಒಂಬತ್ತು ಅಡಿ ಅಗಲದ ಕಿಟಕಿ. ರಾಡ್ ನಡುವೆ ಬಾಗಿದೆ. ದಪ್ಪ ರಾಡ್ ತರಬೇಕಾ?

ನಡುವೆ ಒಂದು ಬ್ರಾಕೆಟ್ ಹಾಕಿ, ಮುಗಿಯಿತು. ಆಧಾರಗಳ ನಡುವಿನ ದೂರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ದೂರ ಅರ್ಧ ಮಾಡಿದರೆ ಅಷ್ಟೇ ಲಾಭ ಈ ಕಡೆಗೆ. ಮುಕ್ಕಾಲು ಇಂಚಿನ ರಾಡ್ ಬದಲು ಅದೇ ತೆಳುವಿನ ಒಂದು ಇಂಚಿನದು ತಂದರೆ ಬಿಗಿ ಸುಮಾರು ಎರಡೂವರೆ ಪಟ್ಟಾಗುತ್ತದೆ ಅಷ್ಟೇ. ರಿಂಗ್ ಇರುವ ಪರದೆ ನಡುವಿನ ಬ್ರಾಕೆಟ್ ದಾಟುವುದಿಲ್ಲ, ಆ ಕಡೆಗೊಂದು, ಈ ಕಡೆಗೊಂದು ಹಂಚಿಕೊಳ್ಳಿ. ಹೊಲಿಸುವಾಗ ಪ್ರತಿ ಪರದೆಗೂ ರಿಂಗ್ ಸಮಸಂಖ್ಯೆಯಲ್ಲಿ ಇರಲಿ, ಆಗ ಎರಡೂ ಅಂಚು ಗೋಡೆ ಕಡೆಗೇ ತಿರುಗಿ ನೀಟಾಗಿ ಕೂರುತ್ತವೆ.

ಪ್ರಶ್ನೆ: ಸಾಗರದ ಹತ್ತಿರ ತೋಟದ ಮನೆ. ರಾಡಿಗೆ ದುಡ್ಡು ಯಾಕೆ, ಅಡಿಕೆ ದಬ್ಬೆ ಇಲ್ಲವೇ ಬಿದಿರು ಹಾಕೋಣ ಅಂತಾರೆ ನಮ್ಮ ಅತ್ತೆ. ಆಗುತ್ತದಾ?

ಅತ್ತೆಯವರ ಯೋಚನೆ ನನಗೆ ಇಷ್ಟವಾಯಿತು. ದಬ್ಬೆಗೆ ಬಲ ಬೇಕಾದಷ್ಟಿದೆ, ತೊಂದರೆ ಸಿಬಿರಿನದು. ಎಷ್ಟು ಹೆರೆದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಒಗೆಯಲು ತೆಗೆಯುವಾಗ ಕೈಗೆ ಚುಚ್ಚುತ್ತದೆ. ಬಿದಿರು ವಾಸಿ. ಬಲಿತದ್ದನ್ನು ಚಳಿಗಾಲದಲ್ಲಿ ಕಡಿಸಿ, ಎರಡು ಮೂರು ವಾರ ಹರಿಯುವ ಹಳ್ಳದ ನೀರಿನಲ್ಲಿ ಮುಳುಗಿಸಿಡಿ. ಒಳಗಿನ ಹಿಟ್ಟಿನಂಶ ಬಿಟ್ಟುಹೋಗುತ್ತದೆ, ಕುಟ್ಟೆ ಹುಳುವಿಗೆ ಬೇಕಾದ್ದು ಅದೇ. ನೆರಳಿನಲ್ಲಿ ಒಣಗಿಸಿ, ಗಿಣ್ಣು ನಯ ಮಾಡಿ, ವಾರ್ನಿಷ್ ಬಳಿಯಿರಿ, ಎರಡು ತುದಿಯ ತೂತಿಗೂ ಮರೆಯದೆ ಬಳಿಯಿರಿ. ಬ್ರಾಕೆಟ್ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಿರಲಿ, ಪರದೆಯ ಅಂಚು ನೆಲದಿಂದ ಒಂದು ಇಂಚು ಮೇಲಿರಲಿ. ತಣ್ಣನೆಯ ಗೋಡೆಗೆ ಬಟ್ಟೆ ತಾಗಿಕೊಂಡೇ ಇದ್ದರೆ ಬೂಷ್ಟು ಹಿಡಿಯುತ್ತದೆ. ಈ ವರ್ಷದ ಮಳೆಗೆ ಬಿದಿರು ಸಿದ್ಧವಾಗುವುದಿಲ್ಲ. ಅಲ್ಲಿಯ ತನಕ ಕಿಟಕಿಯ ಚೌಕಟ್ಟಿಗೆ ಎರಡು ಹುಕ್ ಹಾಕಿ ಸ್ಪ್ರಿಂಗ್ ವೈರ್ ಎಳೆದುಕೊಳ್ಳಿ. ವೈರನ್ನು ಕಿಟಕಿಯ ಅಗಲಕ್ಕಿಂತ ಸ್ವಲ್ಪ ಗಿಡ್ಡ ಕತ್ತರಿಸಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಜೋಲುತ್ತದೆ.