ಗೋಸುಂಬೆಗೆ ವಿಷವಿಲ್ಲ, ಹೊಡೆಯಬೇಡಿ

ನಮಸ್ಕಾರ ರೀ. ಸೇಡಂ ಹತ್ತಿರ ನಿಮ್ಮ ತೊಗರಿ ಹೊಲದ ಬದುವಿನಲ್ಲಿ ಕಂಡ ಹಸಿರು ಪ್ರಾಣಿ, ಹತ್ತಿರ ಹೋದ ಕೂಡಲೇ ಕಪ್ಪಾಗಿ ಬುಸ್ ಎಂದಿತು, ವಿಷ ಇದೆಯಾ ಅಂತ ಕೇಳಿದ್ದೀರಿ. ಇಲ್ಲವೇ ಇಲ್ಲ. ನಿಮ್ಮ ವಿವರ ನೋಡಿದರೆ ಅದು ಗೋಸುಂಬೆ. ಬೇಲಿ ಮೇಲೆ ಸರಕ್ಕನೆ ಓಡುವ ಓತಿಕ್ಯಾತ ಬೇರೆ.

ಕಪ್ಪಾಗಿದ್ದು ಹೆದರಿಕೆಯಿಂದ. ಕೂತ ಜಾಗದ ಬಣ್ಣಕ್ಕೇ ತಿರುಗುತ್ತೆ ಅಂತ ಜನ ಹೇಳೋದು ಸರಿಯಲ್ಲ. ಹೆದರಿಕೆ, ಸಿಟ್ಟು, ಬೆದೆ, ಬಿಸಿಲು, ಚಳಿ, ಇವೇ ಜಾಸ್ತಿ ಕಾರಣ. ಚಳಿಯ ಬೆಳಗ್ಗೆ ಮೈ ಕಪ್ಪಾಗಿಸಿಕೊಂಡು ಬಿಸಿಲಿಗೆ ಒಡ್ಡುತ್ತದೆ, ಕಪ್ಪು ಮೈ ಬೇಗ ಕಾಯುತ್ತದಲ್ವಾ! ಚರ್ಮದ ಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಅವು ಹತ್ತಿರವಾದರೆ ಒಂದು ಬಣ್ಣ, ದೂರವಾದರೆ ಇನ್ನೊಂದು. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಮಡಗಾಸ್ಕರ್‌ನ ಒಂದು ಜಾತಿಯಲ್ಲಿ ಇದನ್ನು ತೋರಿಸಿದರು.

ಮತ್ತೆ ಕಂಡರೆ ದೂರ ನಿಂತು ಕಣ್ಣು ನೋಡಿ. ಒಂದು ನಿಮ್ಮ ಕಡೆ, ಇನ್ನೊಂದು ಕೊಂಬೆಯ ಕಡೆ ತಿರುಗಿರುತ್ತದೆ. ಹುಳ ಕಂಡಾಗ ಮಾತ್ರ ಎರಡೂ ಮುಂದಕ್ಕೆ ಬರುತ್ತವೆ. ಆಮೇಲೆ ಮೈಗಿಂತ ಉದ್ದದ ನಾಲಿಗೆ ಛಕ್ ಅಂತ ಹೊರಬಂದು, ಹುಳವನ್ನು ಅಂಟಿಸಿಕೊಂಡು ಒಳಗೆ ಹೋಗುತ್ತದೆ. ನೋಡೋಕೆ ಎಷ್ಟು ಚೆಂದ ಗೊತ್ತಾ!

ಮಿಡತೆ ತಿನ್ನುವ ಪ್ರಾಣಿ, ನಿಮ್ಮ ಹೊಲಕ್ಕೆ ಒಳ್ಳೆಯದೇ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಇಳಿದು ಮಣ್ಣು ಕೆದರುತ್ತದೆ, ಆಗ ಮುಟ್ಟಬೇಡಿ. ದಾರಿ ಮೇಲಿದ್ದರೆ ಒಂದು ಕಡ್ಡಿ ಮುಂದೆ ಹಿಡಿಯಿರಿ, ತಾನೇ ಹತ್ತಿಕೊಳ್ಳುತ್ತದೆ. ಅಲ್ಲೇ ಪಕ್ಕದ ಜಾಲಿ ಗಿಡಕ್ಕೆ ಬಿಡಿ. ಮನೆಗೆ ತಂದು ಸಾಕೋದು ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.