ಹಸಿರು ಪಾಚಿ ಅಳೆಯಲು ಕೆಂಪು ಬಣ್ಣ ನೋಡಿ

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಗಾಜಿನ ಬಾಟಲಿಗಳಲ್ಲಿ ಕ್ಲೋರೆಲ್ಲಾ ಪಾಚಿ ಬೆಳೆಸುತ್ತಿದ್ದೇನೆ. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಕಾಲೇಜಿನಲ್ಲಿ ಇಲ್ಲ. ಹಾಗಾಗಿ ದಿನಾ ಮೊಬೈಲಿನಲ್ಲಿ ಫೋಟೊ ತೆಗೆದು, ಆರ್‌ಜಿಬಿಯ (ಫೋಟೊದ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ 0ಯಿಂದ 255ರವರೆಗೆ ಕೊಡುವ ಸಂಖ್ಯೆ) ಹಸಿರು ಸಂಖ್ಯೆ ಬರೆದಿಡುತ್ತೇನೆ. ನೀರು ದಿನೇ ದಿನೇ ಹಸಿರಾಗುತ್ತಿದೆ, ಆದರೆ ಸಂಖ್ಯೆ ಒಂದು ದಿನ ಏರುತ್ತದೆ, ಇನ್ನೊಂದು ದಿನ ಇಳಿಯುತ್ತದೆ. ಯಾಕೆ ಸರ್?

ಉತ್ತರ: ಹಸಿರು ಸಂಖ್ಯೆ ಬಿಡಿ, ಕೆಂಪು ನೋಡಿ. ಕ್ಲೋರೊಫಿಲ್ ಹೀರುವುದು ನೀಲಿ ಮತ್ತು ಕೆಂಪು ಬೆಳಕನ್ನು. ಹಸಿರನ್ನು ಬಹುಪಾಲು ಬಿಟ್ಟುಬಿಡುತ್ತದೆ, ಅದಕ್ಕೇ ಪಾಚಿ ನಮಗೆ ಹಸಿರಾಗಿ ಕಾಣುವುದು, ಅಲ್ವಾ? ಪಾಚಿ ದಟ್ಟವಾದಷ್ಟೂ ಬಾಟಲಿ ದಾಟಿ ಬರುವ ಕೆಂಪು ಬೆಳಕು ಕಡಿಮೆಯಾಗುತ್ತದೆ. ಲ್ಯಾಬ್‌ನವರು 680 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕಿನ ಹತ್ತಿರ ಅಳೆಯುವುದೂ ಇದನ್ನೇ. ಮೊಬೈಲ್ ಕೆಂಪಿನ ಅಗಲವಾದ ಪಟ್ಟಿಯನ್ನು ಒಟ್ಟಾಗಿ ನೋಡುತ್ತದೆ, ಅಷ್ಟೇ ವ್ಯತ್ಯಾಸ.

ಏರಿಳಿತಕ್ಕೆ ಮುಖ್ಯ ಕಾರಣ ನಿಮ್ಮ ಕ್ಯಾಮೆರಾದ ಜಾಣತನ. ಬಾಟಲಿ ಕಪ್ಪಾದರೆ ಅದು ತಾನೇ ಬೆಳಕು ಏರಿಸುತ್ತದೆ, ಬಣ್ಣವನ್ನೂ ತಿದ್ದುತ್ತದೆ. ಪ್ರೊ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಶಟರ್ (ಬೆಳಕು ಬೀಳುವ ಸಮಯ), ವೈಟ್ ಬ್ಯಾಲೆನ್ಸ್ (ಬಣ್ಣದ ತಿದ್ದುಪಡಿ) ಮೂರನ್ನೂ ಒಂದೇ ಕಡೆ ನಿಲ್ಲಿಸಿ. ರಟ್ಟಿನ ಪೆಟ್ಟಿಗೆಯೊಳಗೆ ಬಾಟಲಿ ಇಟ್ಟು, ಹಿಂದೆ ಬಿಳಿ ಕಾಗದ, ಅದರ ಹಿಂದೆ ಎಲ್‌ಇಡಿ ದೀಪ ಇಡಿ. ಕಿಟಕಿಯ ಬೆಳಕು ಬೇಡವೇ ಬೇಡ. ಪಕ್ಕದಲ್ಲಿ ಪಾಚಿ ಹಾಕದ ಪೋಷಕ ದ್ರಾವಣದ ಬಾಟಲಿಯೂ ಅದೇ ಫೋಟೊದಲ್ಲಿ ಬರಲಿ. ಅದರ ಸಂಖ್ಯೆ 255 ಮುಟ್ಟಬಾರದು, ಮುಟ್ಟಿದರೆ ಶಟರ್ ವೇಗ ಹೆಚ್ಚಿಸಿ. ಪಾಚಿ ತಳ ಸೇರುತ್ತದೆ, ಆದ್ದರಿಂದ ಕ್ಲಿಕ್ಕಿಸುವ ಮುಂಚೆ ಬಾಟಲಿ ಅಲ್ಲಾಡಿಸಿ.

ಸಂಖ್ಯೆ ತೆಗೆಯಲು ಉಚಿತವಾಗಿ ಸಿಗುವ ಇಮೇಜ್‌ಜೆ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಗಾಜಿನ ಹೊಳಪು ಬಿಟ್ಟು ಮಧ್ಯದ ಒಂದು ಚೌಕದ ಸರಾಸರಿ ತೆಗೆದುಕೊಳ್ಳಿ. ಆಮೇಲೆ ಖಾಲಿ ದ್ರಾವಣದ ಕೆಂಪನ್ನು ಪಾಚಿಯ ಕೆಂಪಿನಿಂದ ಭಾಗಿಸಿ ಲಾಗ್ (ಆಧಾರ 10) ತೆಗೆಯಿರಿ. ಖಾಲಿಯದ್ದು 220, ಪಾಚಿಯದ್ದು 110 ಇದ್ದರೆ ಉತ್ತರ 0.30. ಪಾಚಿಯದ್ದು 55ಕ್ಕೆ ಇಳಿದರೆ 0.60.

ಹಾಗಂತ ಪಾಚಿ ಸರಿಯಾಗಿ ಎರಡು ಪಟ್ಟಾಯಿತು ಎಂದು ಈಗಲೇ ಬರೆಯಬೇಡಿ. ಮೊಬೈಲ್ ಬೆಳಕನ್ನು ಇದ್ದ ಹಾಗೆ ದಾಖಲಿಸುವುದಿಲ್ಲ. ನಿಮ್ಮಲ್ಲಿರುವ ಅತಿ ದಟ್ಟ ಪಾಚಿಯನ್ನು ಅರ್ಧ, ಕಾಲು, ಅರೆಕಾಲಾಗಿ ತೆಳು ಮಾಡಿ, ಒಂದೇ ಸಲಕ್ಕೆ ಫೋಟೊ ತೆಗೆದು ಗ್ರಾಫ್ ಹಾಕಿ. ಗೆರೆ ನೇರವಾಗಿರುವಷ್ಟು ಭಾಗವನ್ನು ಮಾತ್ರ ನಂಬಿ. ರಕ್ತಕಣ ಎಣಿಸುವ ಹೀಮೋಸೈಟೋಮೀಟರ್ ನಿಮ್ಮ ಜೀವಶಾಸ್ತ್ರ ಲ್ಯಾಬ್‌ನಲ್ಲಿದ್ದರೆ ಕೋಶಗಳನ್ನೂ ಎಣಿಸಿ. ಎಣಿಕೆ ಇಲ್ಲದಿದ್ದರೆ ನೀವು ಅಳೆದದ್ದು ಬಣ್ಣ ಮಾತ್ರ.

ಪ್ರಶ್ನೆ: ಮನೆ ಹಿಂದಿನ ತೊಟ್ಟಿಯಲ್ಲಿ ಸ್ಪಿರುಲಿನಾ (ಆಹಾರಕ್ಕೆ ಬಳಸುವ ನೀಲಿ-ಹಸಿರು ಪಾಚಿ) ಬೆಳೆಯುತ್ತೇವೆ. ಫೋಟೊ ನೋಡಿ ಕೊಯ್ಲಿನ ದಿನ ಗೊತ್ತು ಮಾಡಬಹುದೇ?

ಉತ್ತರ: ನಾನಾದರೆ ಮಾಡುವುದಿಲ್ಲ. ತೊಟ್ಟಿಯ ಮೇಲಿಂದ ತೆಗೆದರೆ ಆಕಾಶವೂ ಫೋಟೊದಲ್ಲಿ ಬೀಳುತ್ತದೆ. ಸ್ಪಿರುಲಿನಾ ಮೇಲೆ ತೇಲುವುದರಿಂದ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಕೋಲಿನ ತುದಿಗೆ ಬಿಳಿ ಬಿಲ್ಲೆ ಕಟ್ಟಿ, ತೊಟ್ಟಿ ಕಲಕಿದ ಮೇಲೆ ಮುಳುಗಿಸಿ. ಬಿಲ್ಲೆ ಎಷ್ಟು ಸೆಂಟಿಮೀಟರ್‌ಗೆ ಮರೆಯಾಗುತ್ತದೆ ಎಂದು ನೋಡಿ. ಬೇಗ ಮರೆಯಾದಷ್ಟೂ ಬೆಳೆ ದಟ್ಟ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಪರೀಕ್ಷಿಸಿದ ಉಪಾಯವಿದು.

ಫೋಟೊ ಬೇರೆ ಕೆಲಸಕ್ಕೆ ಬರುತ್ತದೆ. ಸಾರಜನಕ ಕಡಿಮೆಯಾದರೆ ಸ್ಪಿರುಲಿನಾ ತನ್ನ ನೀಲಿ ವರ್ಣಕವನ್ನೇ ಕರಗಿಸಿಕೊಂಡು ಹಳದಿಗೆ ತಿರುಗುತ್ತದೆ. ವಾರಕ್ಕೊಮ್ಮೆ ಒಂದು ಗ್ಲಾಸಿನಲ್ಲಿ ತೊಟ್ಟಿಯ ನೀರು ತೆಗೆದು, ಒಂದೇ ಬೆಳಕಿನಲ್ಲಿ ಫೋಟೊ ಇಟ್ಟುಕೊಂಡರೆ ಈ ಬದಲಾವಣೆ ಬೇಗ ಸಿಕ್ಕಿಬೀಳುತ್ತದೆ.